ಪ್ಲೇಗಿನ ಜಗಳಕ್ಕೆ ಹುಟ್ಟಿದ ಬಹುಮಾನ

ಪುಣೆಯಲ್ಲಿರುವ ನಮ್ಮ ಕಡೆಯ ಡಾಕ್ಟರುಗಳು ಸೇರಿ, ಹಳೆಯ ಕಾಲದ ರೋಗ, ಔಷಧಿ, ದವಾಖಾನೆಗಳ ಇತಿಹಾಸ ಹುಡುಕಿದವರಿಗೆ ವರ್ಷಕ್ಕೊಂದು ಬಹುಮಾನ ಕೊಡುತ್ತಾರೆ. ಇಬ್ಬರು ಹಿರಿಯ ಡಾಕ್ಟರು ವಿದ್ಯೆಯ ಮೇಲಿನ ಪ್ರೀತಿಯಿಂದ ಇದನ್ನು ಶುರು ಮಾಡಿದರೆಂದು ಪ್ರತಿ ಸಲ ಭಾಷಣದಲ್ಲಿ ಹೇಳುತ್ತಾರೆ. ಆ ಇಬ್ಬರಲ್ಲಿ ಒಬ್ಬರು ನನ್ನ ಗಂಡ. ಪ್ರೀತಿಯೂ ಇಲ್ಲ, ಗೀತಿಯೂ ಇಲ್ಲ. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಇತಿಹಾಸ ನನಗೆ ಗೊತ್ತಿಲ್ಲ. ಆದರೆ ಇದು ನಡೆದದ್ದು ನನ್ನ ಮನೆಯಲ್ಲಿ.

ನನ್ನ ಗಂಡನೂ ಅವರ ಗೆಳೆಯರೂ ಧಾರವಾಡದ ಕಡೆಯ ಒಂದೇ ಊರಿನವರು. ಇಬ್ಬರೂ ಇಲ್ಲಿ ಡಾಕ್ಟರಿಕೆ ಮಾಡಿ, ದವಾಖಾನೆ ಮುಚ್ಚಿ ಮುದುಕರಾದರು. ಗೆಳೆಯರ ಮನೆ ನಮ್ಮ ಹಿಂದಿನ ಗಲ್ಲಿಯಲ್ಲೇ. ಬೆಳಿಗ್ಗೆ ಜೊತೆಯಾಗಿ ಟೇಕಡಿ ಗುಡ್ಡ ಹತ್ತಲು ಹೋದರೆ ಊಟದ ಹೊತ್ತಿಗೇ ತಿರುಗಿ ಬರುತ್ತಿದ್ದರು. ಅಷ್ಟು ಹೊತ್ತು ಮನೆ ನನ್ನದು.

ಒಂದು ಭಾನುವಾರ ನಮ್ಮಲ್ಲಿ ಗಿರಮಿಟ್ಟು ತಿನ್ನುತ್ತ ಪ್ಲೇಗಿನ ಮಾತು ತೆಗೆದರು. ಅವರ ಅಜ್ಜಂದಿರ ಕಾಲದಲ್ಲಿ ಪ್ಲೇಗು ಬಂದಾಗ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಬದುಕಿತ್ತಂತೆ. ಊರು ಬಿಡಿಸಿದವರು ಯಾರು ಎಂಬುದೇ ಪ್ರಶ್ನೆ. ನನ್ನ ಗಂಡನ ಅಜ್ಜ ಸರಕಾರಿ ದವಾಖಾನೆಯ ಕಂಪೌಂಡರು, ಗೆಳೆಯರ ಅಜ್ಜ ನಾಟಿ ವೈದ್ಯರು.

“ನಮ್ಮಜ್ಜ ಮನಿ ಮನಿಗೆ ಹೋಗಿ ಹೇಳ್ಯಾನ,” ಎಂದರು ನಮ್ಮವರು.

“ನಿಮ್ಮಜ್ಜಗ ಬಾಟಲಿಗೆ ನೀರು ಹಾಕೂದಷ್ಟ ಗೊತ್ತಿತ್ತಲೇ. ಊರು ಬಿಡಿಸಿದಾಂವ ನಮ್ಮಜ್ಜ.”

“ನಿಮ್ಮಜ್ಜನ ಪುಡಿ ತಿಂದವರು ಪ್ಲೇಗ್ ಬರೂಕಿಂತ ಮೊದಲ ಹೋಗಿದ್ರು!”

ಗೆಳೆಯರು ತಟ್ಟೆ ಕೆಳಗಿಟ್ಟು ಎದ್ದು ಹೋದರು.

ಅಂದಿನಿಂದ ನನ್ನ ಗಂಡ ಮನೆ ಬಿಟ್ಟು ಕದಲಲಿಲ್ಲ. ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಜೋಡಿಸಿದರು. ಸಾಸಿವೆ ಸಿಗದೆ ನನ್ನ ಒಗ್ಗರಣೆಯ ಎಣ್ಣೆ ಸುಟ್ಟು ಹೋಯಿತು. ಉಪ್ಪಿಗೆ ಕೈ ಹಾಕಿದರೆ ಬಿ.ಪಿ.ಯ ಪಾಠ ಶುರು.

“ಹೋಗಿ ಮಾತಾಡ್ಸಿ ಬರ್ರಿ,” ಎಂದೆ.

“ಮೊದಲ ಅಂವಾ ಬರಲಿ.”

ಗೆಳೆತನ ಮುರಿದದ್ದಕ್ಕೆ ನಾನೇನೂ ಅಳಲಿಲ್ಲ. ಮುದುಕರು ಜಗಳಾಡುತ್ತಾರೆ. ನನಗೆ ನನ್ನ ಅಡಿಗೆಮನೆ ತಿರುಗಿ ಬೇಕಾಗಿತ್ತು, ಅಷ್ಟೇ.

ಕಾಯಿಪಲ್ಲೆ ಪೇಟೆಯಲ್ಲಿ ಮೆಂತ್ಯೆ ಆರಿಸುವಾಗ ಗೆಳೆಯರ ಹೆಂಡತಿ ಸಿಕ್ಕಳು. “ವೈನಿ, ನಮ್ಮವರು ನಿನ್ನೆ ನನಗ ರೊಟ್ಟಿ ಬಡಿಯೂದು ಕಲಿಸಿದ್ರು. ಮದುವಿ ಆದಾಗಿಂದ ತಪ್ಪು ಬಡೀಲಿಕ್ಕೆ ಹತ್ತೀನಂತ,” ಎಂದಳು. ಇಬ್ಬರೂ ಕಾಯಿಪಲ್ಲೆಯವಳ ಮುಂದೆಯೇ ನಕ್ಕೆವು. ನಕ್ಕು ಮುಗಿದ ಮೇಲೆ ಯೋಚನೆ ಮಾಡಿದೆವು.

ಅವರ ಮಾಳಿಗೆಯ ಕೋಣೆಯಲ್ಲಿ ಇತಿಹಾಸ ಓದುವ ಧಾರವಾಡದ ಹುಡುಗಿ ಬಾಡಿಗೆಗಿದ್ದಳು. ದೀಪಾವಳಿಗೆ ಊರಿಗೆ ಹೊರಟಿದ್ದವಳನ್ನು ಹಿಡಿದು ಕೂರಿಸಿಕೊಂಡೆವು. “ನಮ್ಮೂರಿಗೂ ಹೋಗಿ ಬಾರವಾ. ಪ್ಲೇಗಿನಾಗ ಊರು ಬಿಡಿಸಿದವರು ಯಾರಂತ ಖರೇ ತಿಳಕೊಂಡು ಬಾ. ನಿನಗ ಇಳಕಲ್ ಸೀರಿ ಹಾಕಿ ಉಡಿ ತುಂಬ್ತೀವಿ.”

ಸೀರೆ ನಮ್ಮ ಮನೆಯಿಂದ, ಕುಪ್ಪಸದ ಖಣ ಅವರ ಮನೆಯಿಂದ. ಖಣವಿಲ್ಲದ ಬರೀ ಸೀರೆಯನ್ನು ನಮ್ಮ ಕಡೆ ಉಡಿಗೆ ಹಾಕುವುದಿಲ್ಲ. ಹಾಗಾಗಿ ಕೊಡುವ ದಿನವಾದರೂ ಎರಡು ಮನೆಯವರು ಒಂದೆಡೆ ಸೇರಲೇಬೇಕು. ಗಂಡಸರಿಬ್ಬರೂ ಕೂಡಲೇ ಒಪ್ಪಿದರು, ಗೆಲ್ಲುವವನು ತಾನೇ ಎಂದು.

ಹುಡುಗಿ ಊರಿನ ಹಿರಿಯರನ್ನು ಕೇಳಿ, ಕಚೇರಿಯ ಹಳೆಯ ಕಾಗದ ನೋಡಿ ಬಂದಳು. ಗಂಡಸರು ನಮ್ಮ ಪಡಸಾಲೆಯ ಮಂಚದ ಮೇಲೆ ಆಚೆ ತುದಿಗೊಬ್ಬರು, ಈಚೆ ತುದಿಗೊಬ್ಬರು ಮುಖ ತಿರುಗಿಸಿ ಕುಳಿತರು. “ಅವರಿಗೆ ಚಹಾ ಬೇಕೇನು ಕೇಳು,” ಎಂದು ನಮ್ಮವರು ನನಗೆ ಹೇಳಿದರು.

“ಯಾರೂ ಬಿಡಿಸಿಲ್ಲರಿ ಅಜ್ಜಾರ,” ಎಂದಳು ಹುಡುಗಿ. “ಊರದೇವಿ ದ್ಯಾಮವ್ವನ ವಾರ ಹಿಡಿದಾಗ ಮನಿಗೆ ಕೀಲಿ ಹಾಕಿ, ಹೊಲದಾಗ ಅಡಗಿ ಮಾಡಿ ಉಂಡು, ಸಂಜೀಕ ಊರಿಗೆ ಬರೂ ರೂಢಿ ಅದಲ್ಲರಿ? ಆ ವರ್ಷ ಇಲಿ ಸತ್ತು ಬೀಳೂದು ನೋಡಿ ಹೆಣ್ಣಮಕ್ಕಳು ವಾರ ಹಿಡದು ಹೊರಗ ಹೋದ್ರು. ಸಂಜೀಕ ತಿರುಗಿ ಬರಲೇ ಇಲ್ಲ.”

“ನಮ್ಮಜ್ಜ?” ಇಬ್ಬರೂ ಒಟ್ಟಿಗೇ ಕೇಳಿದರು.

“ಕಂಪೌಂಡರ್ ಅಜ್ಜಾರು ದವಾಖಾನಿ ಬಿಟ್ಟು ಬರೂದಿಲ್ಲ ಅಂದ್ರಂತ್ರಿ. ವೈದ್ಯರು, ಗುಳಿಗಿ ಕೊಡ್ತೀನಿ, ಯಾರೂ ಹೋಗಬ್ಯಾಡ್ರಿ ಅಂದ್ರಂತ. ಎಲ್ಲಾರಕಿಂತ ಕಡೀಕ ಊರು ಬಿಟ್ಟವರು ಅವರಿಬ್ಬರರಿ.”

ಆಮೇಲೆ ನನ್ನ ಗಂಡ ಗೆಳೆಯರ ಕಡೆ ತಿರುಗಿದರು. “ಈಕಿಗೆ ಇದನ್ನ ಯಾರು ಹೇಳಿರಬೇಕಲೇ?”

“ನಮ್ಮೂರ ಶಾನಭೋಗರ ಮನಿಯವರು, ಮತ್ಯಾರು? ಮೊದಲಿಂದ ನಮ್ಮ ಮ್ಯಾಲೆ ಹೊಟ್ಟಿಕಿಚ್ಚು ಅವರಿಗೆ.”

ಇಬ್ಬರೂ ಒಂದಾಗಿ ಹುಡುಗಿಯ ಮೇಲೆ ಬಿದ್ದರು. ಆ ಕಾಗದ ಎಲ್ಲಿ, ಈ ಸಾಕ್ಷಿ ಯಾರು? ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು, ಜಗ್ಗಲಿಲ್ಲ. ಅವರ ಕೂಗಾಟದ ನಡುವೆಯೇ ನಾವು ಹೆಂಗಸರು ಸೀರೆ, ಖಣ, ತೆಂಗಿನಕಾಯಿ ಇಟ್ಟು ಉಡಿ ತುಂಬಿದೆವು. ಹೊರಡುವಾಗ ಗೆಳೆಯರು, “ಮುಂದಿನ ವರ್ಷ ಇದನ್ನ ಸುಳ್ಳು ಮಾಡಿ ತೋರಿಸಿದವರಿಗೂ ನಾವಿಬ್ಬರೂ ಬಹುಮಾನ ಕೊಡ್ತೀವಿ,” ಎಂದರು. ನನ್ನ ಗಂಡ ತಲೆಯಾಡಿಸಿದರು. ಆ ಮಾತೇ ಬೆಳೆದು ಬೇರೆ ಡಾಕ್ಟರುಗಳೂ ಸೇರಿಕೊಂಡರು, ಹಳೆಯ ಕಾಲದ ಯಾವ ರೋಗದ ಬಗ್ಗೆ ಹುಡುಕಿದರೂ ಬಹುಮಾನ ಎಂದಾಯಿತು.

ಸುಳ್ಳು ಮಾಡಿದವರು ಇಲ್ಲಿಯವರೆಗೆ ಯಾರೂ ಬಂದಿಲ್ಲ. ಒಬ್ಬ ಸಿಡುಬಿನ ಲಸಿಕೆ ಹಾಕುತ್ತಿದ್ದವರ ಬಗ್ಗೆ ಬರೆದು ತಂದ, ಇನ್ನೊಬ್ಬಳು ಸೂಲಗಿತ್ತಿಯರ ಬಗ್ಗೆ. ಗೆದ್ದವರು ಗಂಡಸರಾದರೆ ನಮ್ಮ ಮನೆಯಿಂದ ಧೋತರ, ಅವರ ಮನೆಯಿಂದ ಶಲ್ಯ.

ಬಂದದ್ದನ್ನೆಲ್ಲ ಓದುವ ಕೆಲಸ ಇಬ್ಬರದೇ. ಬೆಳಿಗ್ಗೆಯೇ ಹಿಂದಿನ ಗಲ್ಲಿಯ ಗೆಳೆಯರ ಮನೆಗೆ ಹೋಗಿ ಕೂಗಾಡುತ್ತ ಓದುತ್ತಾರೆ. ಮೊನ್ನೆ ಗೆಳೆಯರ ಹೆಂಡತಿ ಫೋನು ಮಾಡಿದಳು. “ವೈನಿ, ಮನಿ ತುಂಬ ಕಾಗದ ಹರವ್ಯಾರ. ನಿಮ್ಮವರನ್ನಾದರೂ ಬಂದು ಕರಕೊಂಡು ಹೋಗ್ರಿ.”

“ಪುಣೆದಾಗ ಟ್ರಾಫಿಕ್ ಭಾಳ ಅದವಾ,” ಎಂದು ಫೋನು ಇಟ್ಟು, ಸಾರಿಗೆ ಉಪ್ಪು ಹಾಕಿದೆ.