ನಾಲ್ಕು ಗೂಟದೊಳಗಿನ ಮಣ್ಣು

ಓಪಲ್ ಎಂಬ ಬಣ್ಣದ ಹರಳು ತೋಡುವ ಗಣಿಯವರು ಬಾವಿಯಿಂದೆತ್ತಿ ಎಸೆದ ಮಣ್ಣನ್ನು ಜರಡಿ ಹಿಡಿದು, ಅವರ ಕಣ್ಣು ತಪ್ಪಿದ ಚೂರು ಹುಡುಕುವುದೇ ದ್ರಾಗಿತ್ಸಾಳ ಬದುಕು. ಗಂಡ ತೀರಿಕೊಂಡ ಮೇಲೆ, ಅವನೇ ನೆಲದೊಳಗೆ ಕೊರೆದ ಮನೆಯಲ್ಲಿ ಒಂಟಿ ವಾಸ. ಎಂಥ ಬಿಸಿಲಿದ್ದರೂ ತಲೆಗೆ ಬಟ್ಟೆ ಕಟ್ಟಿ ಆ ಮಣ್ಣಿನ ಗುಡ್ಡೆಯ ಮೇಲೆ ಕೂತಿರುತ್ತಾಳೆ. ಆದರೆ ಕೇಳದೆ ಯಾರ ಗುಡ್ಡೆಗೂ ಕೈ ಹಾಕಿದವಳಲ್ಲ. ನಮ್ಮೂರಲ್ಲಿ ಗಣಿಯವನು ಹೂಂ ಅಂದರೆ ಮುಗಿಯಿತು, ಗುಡ್ಡೆಯಲ್ಲಿ ಸಿಕ್ಕಿದ್ದು ಹುಡುಕಿದವರದು. ಅದಕ್ಕೆ ಕಾಗದವಿಲ್ಲ, ಸಹಿಯಿಲ್ಲ.

ನಾಲ್ಕು ಮೂಲೆಗೆ ಗೂಟ ಹೊಡೆದು ತನ್ನ ಜಾಗದಲ್ಲಿ ಬಾವಿ ತೋಡುತ್ತಿದ್ದ ಥಾನಾಸಿಸ್‌ನನ್ನೂ ಕೇಳಿದ್ದಳು. ಅವನು ಯಂತ್ರದ ಮೇಲೆ ಕೂತೇ ನಕ್ಕು, ಇಡೀ ಗುಡ್ಡೆ ಹೊತ್ತುಕೊಂಡು ಹೋಗಮ್ಮ ಅಂದಿದ್ದ. ಹನ್ನೊಂದನೆಯ ದಿನ ಹೆಬ್ಬೆರಳಷ್ಟು ಕಲ್ಲು ಸಿಕ್ಕಿತು. ಒಳಗೆ ಕೆಂಪು ಹಸಿರು ಹೊರಳುತ್ತಿತ್ತು. ಅವಳೇನೂ ಬಚ್ಚಿಡಲಿಲ್ಲ. ಊರ ಬಿಯರ್ ಅಂಗಡಿಗೆ ತಂದು, ನಾಲಿಗೆಯಿಂದ ಒದ್ದೆ ಮಾಡಿ ಎಲ್ಲರಿಗೂ ತೋರಿಸಿದಳು. ಅಷ್ಟರಲ್ಲಿ ಬಂದ ಥಾನಾಸಿಸ್ ಅವಳ ಅಂಗೈಯಿಂದ ಅದನ್ನೆತ್ತಿ ಜೇಬಿಗೆ ಹಾಕಿಕೊಂಡ.

“ನನ್ನ ನಾಲ್ಕು ಗೂಟದೊಳಗಿನ ಮಣ್ಣೆಲ್ಲ ನಂದೇ ಕಣಮ್ಮ. ಆವತ್ತು ತಮಾಷೆಗೆ ಅಂದಿದ್ದು.”

ಅಲ್ಲಿ ಒಂಬತ್ತು ಗಂಡಸರಿದ್ದರು. ಒಂಬತ್ತೂ ಜನ ಬಿಯರ್ ಡಬ್ಬಿ ನೋಡುತ್ತ ಕೂತರು. ನಾಲಿಗೆ ಬಿದ್ದುಹೋಗಿತ್ತೇ ಇವರಿಗೆ? ಗಣಿ ಕುಸಿದು ಕಾಲು ಮುರಿದಾಗ ಇವರಲ್ಲಿ ನಾಲ್ವರ ಮನೆಗೆ ದಿನವೂ ಸೂಪು ಹೊತ್ತವಳು ಅವಳೇ.

ದ್ರಾಗಿತ್ಸಾ ಅಳಲಿಲ್ಲ. ನೆಟ್ಟಗೆ ಗಣಿ ಕಚೇರಿಗೆ ಹೋಗಿ ಆ ಜಾಗದ ದಾಖಲೆ ತೆಗೆಸಿದಳು. ಗೂಟ ಗೂಟ ಎಂದು ಬೊಗಳುವವನು ವರ್ಷವರ್ಷ ಮಾಡಿಸಬೇಕಾದ ಪರವಾನಗಿ ನವೀಕರಣವನ್ನೇ ಮರೆತಿದ್ದ. ಗಡುವು ಮುಗಿದು ಮೂರು ವಾರ. ಅಂಥ ಜಾಗ ಮೊದಲು ಗೂಟ ಹೊಡೆದವರದು. ಮಧ್ಯಾಹ್ನದ ಉರಿಯಲ್ಲೇ ಅವನ ಗೂಟ ಕಿತ್ತು, ತನ್ನ ನಾಲ್ಕು ಗೂಟ ಬಡಿದು, ಕಚೇರಿಯಲ್ಲಿ ತನ್ನ ಹೆಸರು ಬರೆಸಿ ಬಂದಳು.

ಮರುದಿನ ಬೆಳಿಗ್ಗೆ ಥಾನಾಸಿಸ್ ಲಾರಿ ತಂದಾಗ ಅವಳು ಗುಡ್ಡೆಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಳು. ಅವನು ಎರಡು ವರ್ಷ ತೋಡಿದ ಬಾವಿ, ಅದರಲ್ಲಿ ಓಪಲ್‌ನ ಬಣ್ಣದ ಎಳೆ ಈಗಷ್ಟೇ ಕಾಣಿಸಿತ್ತು. ತಾಯಿ, ದೇವರು ಎಂದೆಲ್ಲ ಗೋಗರೆದು ಕೊನೆಗೆ ಕಲ್ಲು ತೆಗೆದು ಚಾಚಿದ.

“ತಗೋಮ್ಮ ನಿನ್ನ ಕಲ್ಲು. ಗೂಟ ಕಿತ್ಬಿಡು.”

ಅವಳು ಕಲ್ಲನ್ನು ಬಿಸಿಲಿಗೆ ಹಿಡಿದು, ತನ್ನದೇ ಎಂದು ಖಾತ್ರಿ ಮಾಡಿಕೊಂಡು, ತಲೆಬಟ್ಟೆಯ ತುದಿಗೆ ಗಂಟು ಹಾಕಿದಳು.

“ಇದು ಮೊದ್ಲೇ ನಂದು, ನೀನೇನು ಕೊಡೋದು? ನಿನ್ನ ಯಂತ್ರ ತಗೊಂಡು ಹೋಗು. ಗುಡ್ಡೆ ಕೆದಕ್ಬೇಕು ಅಂದ್ರೆ ಬಂದು ಕೇಳು. ನಾನು ಹೂಂ ಅಂದ್ರೆ ತಮಾಷೆಗೆ ಅನ್ನಲ್ಲ.”

ಅವನು ಹೋದ ಮೇಲೆ ಆ ಒಂಬತ್ತರಲ್ಲಿ ಮೂವರು ಬಂದರು. ಯಂತ್ರ ನಾವು ತರ್ತೀವಿ, ಬಾವಿಯಲ್ಲಿ ಪಾಲು ಕೊಡಮ್ಮ ಎಂದು ಹಲ್ಲು ಕಿರಿದರು. ಅವಳು ಗಾಳಿ ಅವರ ಕಡೆಗೇ ಬೀಸುತ್ತಿದೆಯೇ ಎಂದು ನೋಡಿಕೊಂಡು, ಧೂಳೇಳುವಂತೆ ಜರಡಿ ಆಡಿಸತೊಡಗಿದಳು.