ಫಾತಿಮಾಬಿಯ ಟ್ಯಾಂಕು

ಬಸ್ಸು ಕುಷ್ಟಗಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಆಸ್ಟ್ರಿಯಾದಿಂದ ನಮ್ಮ ಕಡೆಯ ಕರೆಂಟಿನ ಗಾಳಿಯಂತ್ರ ನೋಡಲು ಬಂದ ಹಾನ್ನಾಗೆ ಬಿಸಿಲು ಬಡಿಯಬಹುದಿತ್ತು, ಮಿರ್ಚಿ ತಿಂದು ಹೊಟ್ಟೆ ಕೆಡಬಹುದಿತ್ತು. ದುಭಾಷಿಯಾಗಿ ಹೊರಟ ನನಗೆ ಮಾತೇ ಹೊರಡದೆ ಹೋಗಬಹುದಿತ್ತು. ಇದನ್ನೆಲ್ಲ ನೆನೆದು ದಾರಿಯುದ್ದಕ್ಕೂ ಬೆವರಿದೆ; ಒಂದೂ ಆಗಲಿಲ್ಲ.

ಯಲಬುರ್ಗಾದಲ್ಲಿ ಫಾತಿಮಾಬಿ ತಮ್ಮ ಮನೆ ಮುಂದೆಯೇ ಇಟ್ಟಿದ್ದ ಅಂಗಡಿಯಲ್ಲಿ ನಾವು ಚಹಾ ಕುಡಿಯುತ್ತಿದ್ದಾಗ ಕರೆಂಟು ಬಂತು. ನಾಳೆ ಅವರ ಮೊಮ್ಮಗಳಿಗೆ ಹೆಸರಿಡುವ ಊಟ. ಕರೆಂಟು ಹೋಗುವುದರೊಳಗೆ ಮಾಳಿಗೆಯ ಟ್ಯಾಂಕು ತುಂಬಬೇಕು. ಮೋಟಾರು ಹಚ್ಚಿ ಬಂದು, "ಅಣ್ಣಾರ, ಟ್ಯಾಂಕಿನ ಕಡೆ ನೋಡ್ಕೋತ ನಿಂದರ್ರಿ. ತುಂಬಿದ ಕೂಡ್ಲೆ ಒದರಿ ಹೇಳ್ರಿ, ನೀರು ಹಾಳಾಗಬಾರದು," ಎಂದು ನನಗೆ ಹೇಳಿದರು.

ಇದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಹಾನ್ನಾ ಹಿಗ್ಗಿದರು. ಅವರ ನಾಡಿನಲ್ಲೂ ಕರೆಂಟು ಮಿಕ್ಕಾಗ ನೀರನ್ನು ಬೆಟ್ಟದ ಕೆರೆಗೆ ಏರಿಸಿ, ಗಾಳಿ ನಿಂತಾಗ ಇಳಿಸಿ ಕರೆಂಟು ತೆಗೆಯುತ್ತಾರಂತೆ. ಹಾಗೆ ಕರೆಂಟು ಕಾದಿಡುವ ಕೆಲಸಕ್ಕೆ ಹಣ ಯಾರು ಕೊಡಬೇಕೆಂಬ ಚರ್ಚೆ ಯುರೋಪಿನಲ್ಲಿ ಇನ್ನೂ ಮುಗಿದಿಲ್ಲವಂತೆ.

ಫಾತಿಮಾಬಿ ನಕ್ಕರು. "ಇಟ್ಟ ನೀರಿಗೆ ಯಾರ್ ರೊಕ್ಕ ಕೊಡ್ತಾರ್ರಿ ಅಕ್ಕಾರ? ಕರೆಂಟ್ ಹೋದ್ರ ಓಣಿ ಮಂದಿ ಎಲ್ಲಾ ಕೊಡ ತಗೊಂಡು ನಮ್ಮನಿಗೇ ಬರ್ತಾರ. ಇಲ್ಲ ಅನ್ನಾಕ ಆಗತೈತೇನು?"

ನಾನು ಅದನ್ನು ಇಂಗ್ಲಿಷಿಗೆ ತಂದೆ. ಹಾನ್ನಾ ಆಕೆಯ ಕೈ ಹಿಡಿದುಕೊಂಡು, ಈ ಮಾತನ್ನು ತಮ್ಮ ಸಭೆಯಲ್ಲಿ ಹೇಳಬಹುದೇ ಎಂದು ಕೇಳಿದರು.

"ಹೇಳ್ಲಿ ಬಿಡ್ರಿ. ನಾಳಿ ಊಟಕ್ಕೂ ಬರ್ಲಿ."

ನಾಳಿನ ಊಟಕ್ಕೆ ಖಾರ ಎಷ್ಟು ಹಾಕುತ್ತಾರೋ, ಹಾನ್ನಾರ ಹೊಟ್ಟೆ ತಡೆದೀತೋ ಎಂಬ ಹೊಸ ಚಿಂತೆಯಲ್ಲಿ ಮುಳುಗಿದ್ದೆ. ಅಷ್ಟರಲ್ಲಿ ಮಾಳಿಗೆಯಿಂದ ನನ್ನ ನೆತ್ತಿಯ ಮೇಲೆ ತಣ್ಣಗೆ ನೀರು ಸುರಿಯಿತು. ಫಾತಿಮಾಬಿ ಮೋಟಾರಿನತ್ತ ಓಡಿದರು. ಹಾನ್ನಾ ಸಿಕ್ಕ ಕೊಡ ಎತ್ತಿಕೊಂಡು ಬಂದು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.