ಹಾಲು ಕೇಳಲು ಹೋಗಿ ಪಾಲು ಕೇಳಿದ್ದು

ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಸಂಜೆಯೊಳಗೆ ಅದು ನನ್ನ ಗಂಟಲಲ್ಲಿರುತ್ತದೆ. ಮಾಲೂರಿನ ರೈಲಿನಲ್ಲಿ ಟಿಕೆಟ್ ಕಲೆಕ್ಟರರ ಹಾಗೆ ಕೂಗಿ ಗೆಳೆಯರನ್ನೆಲ್ಲ ಓಡಿಸಿದವನು ನಾನು. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಕೆಲಸ ಸಿಕ್ಕಿದಾಗ, ಯಲ್ದೂರಿನಲ್ಲಿ ಕೋಣೆ ಹಿಡಿದು ವಾರದಲ್ಲೇ ಊರಿನವನಾಗಿಬಿಡುತ್ತೇನೆ ಎಂದು ಈ ವಿದ್ಯೆಯನ್ನು ನಂಬಿಯೇ ಹೊರಟೆ.

ಊರಿಗೆ ಅಂಥ ನಂಬಿಕೆ ಇರಲಿಲ್ಲ. ಮದುವೆಯಾಗದ ಹುಡುಗನಿಗೆ ಯಾರೂ ಬಾಗಿಲು ತೆಗೆಯಲಿಲ್ಲ. ಕೊನೆಗೆ ಒಬ್ಬ ಅಜ್ಜಿ ಹಿತ್ತಲ ಕೋಣೆ ತೋರಿಸಿದರು.

"ತಿಂಗಳು ನೋಡ್ತೀನಪ್ಪಾ. ಸರಿಹೋದ್ರೆ ಇರು, ಇಲ್ದಿದ್ರೆ ಬಸ್ ಹತ್ತು."

ಆ ಕೋಣೆ ತಪ್ಪಿದರೆ ದಿನಾ ಮಾಲೂರಿನಿಂದ ಬಸ್ಸಿನಲ್ಲಿ ನೇತಾಡಬೇಕಿತ್ತು.

ಮನೆಯಲ್ಲಿ ಅಜ್ಜಿ, ಇಬ್ಬರು ಗಂಡುಮಕ್ಕಳು, ಸೊಸೆಯರು. ತಮ್ಮತಮ್ಮೊಳಗೆ ತೆಲುಗು, ನನ್ನ ತಲೆ ಕಂಡರೆ ಕನ್ನಡ. ಆದರೆ ಅವರ ತೆಲುಗಿನ ನಡುವೆಯೂ ಹಾಲು ಮಾತ್ರ 'ಹಾಲು' ಎಂದೇ ಇರುತ್ತಿತ್ತು. ತೆಲುಗಿನಲ್ಲಿ ಅದಕ್ಕೆ 'ಪಾಲು' ಎನ್ನುತ್ತಾರೆಂದು ನನಗೆ ಗೊತ್ತು. ಪಾಪ, ಹೊಸಬನಿಗೆ ಅರ್ಥವಾಗಲೆಂದು ಇಷ್ಟು ಕಷ್ಟಪಡುತ್ತಿದ್ದಾರೆ ಎಂದು ಕರಗಿಹೋದೆ.

ಒಂದು ಬೆಳಿಗ್ಗೆ ಅಣ್ಣತಮ್ಮಂದಿರು ಜಗಲಿಯ ಎರಡು ತುದಿಯಲ್ಲಿ ಕಾಫಿ ಕುಡಿಯುತ್ತಿದ್ದರು. ದಿನದ ಹಾಲಿಗೆಂದು ನಾನು ಚೊಂಬು ಹಿಡಿದು ಬಾಗಿಲಲ್ಲಿ ನಿಂತು, ಸೊಂಟಕ್ಕೆ ಕೈಕೊಟ್ಟು, ಅಜ್ಜಿಯದೇ ರಾಗದಲ್ಲಿ, ಅವರ ತೆಲುಗಿನಲ್ಲೇ ಎಳೆದೆ: "ಅವ್ವಾ, ನಾ ಪಾಲು ನಾಕಿಚ್ಚೇಯ್!"

ಅಣ್ಣನ ಕಾಫಿ ಮೂಗಿಗೇರಿತು. ತಮ್ಮ ಎದ್ದು ನಿಂತ.

"ಏನ್ಲಾ ಅಂದೆ?"

"ನನ್ನ ಹಾಲು ನನಗೆ ಕೊಡಿ ಅಂದೆ, ಅಣ್ಣಾ."

"ನನ್ನ ಭಾಗ ನನಗೆ ಕೊಡು ಅಂದೆ ಕಣೋ!"

ಕನ್ನಡದಲ್ಲೂ ಪಾಲೆಂದರೆ ಪಾಲೇ ಎಂಬುದು ಕನ್ನಡದವನಾದ ನನಗೆ ಹೊಳೆದದ್ದು ಆಗ. ಒಲೆಯ ಮುಂದಿದ್ದ ಕಿರಿಸೊಸೆ ಪಿಸುಗುಟ್ಟಿದರು: "ತೋಟದ ವಿಚಾರಕ್ಕೆ ಇಬ್ಬರಿಗೂ ಮಾತಿಲ್ಲ. ಆ ಪದಾನೇ ಮನೇಲಿ ಎತ್ತಬಾರದು ಅಂತ ಅತ್ತೆ ಹೇಳವ್ರೆ. ಅದಕ್ಕೇ ನಾವು ಹಾಲು ಅನ್ನೋದು."

ಅಜ್ಜಿ ಹೊರಗೆ ಬಂದರು. ಬೀಗದ ಕೈ ಕೇಳುತ್ತಾರೆಂದು ಜೇಬು ಮುಟ್ಟಿಕೊಂಡೆ.

"ನಾನು ಹೆತ್ತ ಇಬ್ಬರೂ ಬಾಯಿಬಿಟ್ಟು ಕೇಳೋಕೆ ಹೆದರ್ತಾವ್ರೆ. ಮಾಲೂರಿಂದ ಬಂದೋನು ಚೊಂಬೇ ತಂದವ್ನೆ!"

ತಮ್ಮ ತಡೆಯಲಾರದೆ ನಕ್ಕು, ಜಗಲಿಯ ಆ ತುದಿಗೆ ಕೂಗಿದ: "ಅಣ್ಣಾ, ಇನ್ಮೇಲೆ ಮೂರು ಭಾಗ!"

"ಕಲ್ಲುಗುಡ್ಡೆ ಕಡೇದು ಇವನಿಗೇ ಇರಲಿ ಬಿಡೋ" ಎಂದ ಅಣ್ಣ, ಮೂಗು ಒರೆಸಿಕೊಳ್ಳುತ್ತ.

ಮಕ್ಕಳು ಒಬ್ಬರಿಗೊಬ್ಬರು ಮಾತಾಡಿದ್ದನ್ನು ಅಜ್ಜಿ ನಿಂತು ಕೇಳಿಸಿಕೊಂಡರು. ಆಮೇಲೆ ನನ್ನ ಚೊಂಬಿಗೆ ಹಾಲು ಸುರಿದರು.

"ಹಿತ್ತಲ ಕೋಣೆ ನಿನ್ನ ಪಾಲು, ಇರು. ಇನ್ನೊಂದ್ಸಲ ನನ್ನ ದನಿ ತೆಗೆದ್ರೆ ಅದೂ ಇಲ್ಲ."

ಸಂಜೆ ಟೀ ಅಂಗಡಿಗೆ ಹೋದರೆ, ಯಾರೋ ಸೊಂಟಕ್ಕೆ ಕೈಕೊಟ್ಟು ನಿಂತು ನನ್ನ ಅನುಕರಣೆ ಮಾಡುತ್ತಿದ್ದ. ನಾನು ಮಾಡಿದ ಅಜ್ಜಿಗಿಂತ ಅವನು ಮಾಡಿದ ನಾನೇ ಚೆನ್ನಾಗಿದ್ದೆ.